ಪರೀಕ್ಷೆಗೂ ಮೊದಲು ಬರೆಯುವ ಕಾಗದ: ಅಮೆರಿಕದ ರಾಜ್ಯಗಳು ಪರೀಕ್ಷಾ ಕಂಪನಿಗಳನ್ನು ಹುಡುಕುವ ಬಗೆ

ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಮೂರನೇ ತರಗತಿಯ ಮಗುವೊಂದು ರಾಜ್ಯಮಟ್ಟದ ಗಣಿತ ಪರೀಕ್ಷೆಗೆ ಕೂತಿದೆ ಎಂದುಕೊಳ್ಳಿ. ಪ್ರಶ್ನೆ ಬರೆದವರು, ಅದನ್ನು ಕಂಪ್ಯೂಟರ್ ಪರದೆಗೆ ತಂದವರು, ಉತ್ತರಕ್ಕೆ ಅಂಕ ಹಾಕುವವರು ಹೆಚ್ಚಿನ ಕಡೆ ಶಿಕ್ಷಣ ಇಲಾಖೆಯ ನೌಕರರಲ್ಲ, ಗುತ್ತಿಗೆ ಹಿಡಿದ ಕಂಪನಿಯವರು. ಆ ಕಂಪನಿಯನ್ನು ಆರಿಸಲು ಇಲಾಖೆ ಹೊರಡಿಸುವ ದಾಖಲೆಗೆ 'ರಿಕ್ವೆಸ್ಟ್ ಫಾರ್ ಪ್ರಪೋಸಲ್ಸ್' ಎಂದು ಹೆಸರು. ಎಲ್ಲರೂ ಕರೆಯುವುದು ಆರ್‌ಎಫ್‌ಪಿ ಎಂದೇ. ಟೆಂಡರ್ ದಾಖಲೆ ಅಂದರೂ ನಡೆಯುತ್ತದೆ. ಪರೀಕ್ಷೆಯ ದಿನ ಸರ್ವರ್ ಬಿದ್ದಾಗ, ಫಲಿತಾಂಶ ತಪ್ಪಾದಾಗ ನಾವು ಕಂಪನಿಯನ್ನು ಬೈಯುತ್ತೇವೆ. ಆದರೆ ಬೇರು ಹುಡುಕುತ್ತಾ ಹೋದರೆ ಅದು ಆ ಟೆಂಡರ್ ದಾಖಲೆಯಲ್ಲಿ ಬರೆಯದೆ ಬಿಟ್ಟ ಒಂದು ಸಂಖ್ಯೆಗೋ ಒಂದು ತಾರೀಖಿಗೋ ಹೋಗಿ ಮುಟ್ಟುತ್ತದೆ. ಇವತ್ತಿನ ನನ್ನ ಮಾತೆಲ್ಲ ಆ ಸಂಖ್ಯೆ, ಆ ತಾರೀಖುಗಳ ಬಗ್ಗೆ.

ಮೊದಲು, ರಾಜ್ಯ ಕೊಳ್ಳುತ್ತಿರುವುದು ಏನನ್ನು? 2002ರ ಜನವರಿಯಲ್ಲಿ ಸಹಿಯಾದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಎಂಬ ಕೇಂದ್ರ ಕಾನೂನು, ಅದರ ಜಾಗಕ್ಕೆ 2015ರ ಡಿಸೆಂಬರ್‌ನಲ್ಲಿ ಬಂದ 'ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್' ಕಾನೂನು, ಎರಡೂ ಒಂದೇ ಚೌಕಟ್ಟನ್ನು ಹಾಕಿವೆ. 3ರಿಂದ 8ನೇ ತರಗತಿಯವರೆಗೆ ಪ್ರತಿ ವರ್ಷ, ಪ್ರೌಢಶಾಲೆಯಲ್ಲಿ ಒಂದು ಸಲ, ಭಾಷೆ ಮತ್ತು ಗಣಿತದ ಪರೀಕ್ಷೆ. ವಿಜ್ಞಾನಕ್ಕೆ ಮೂರು ಹಂತಗಳಲ್ಲಿ ಒಂದೊಂದು. ಲೆಕ್ಕ ಹಾಕಿ: ಏಳು ತರಗತಿ, ಎರಡು ವಿಷಯ, 14 ಪರೀಕ್ಷೆ. ವಿಜ್ಞಾನದ ಮೂರು ಸೇರಿದರೆ 17. ಇದರ ಮೇಲೆ ತೀವ್ರ ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಿಗೆ ಪರ್ಯಾಯ ಪರೀಕ್ಷೆ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಭಾಷಾ ಸಾಮರ್ಥ್ಯದ ಪರೀಕ್ಷೆ. ಕೊನೆಯ ಈ ಎರಡಕ್ಕೂ ಸಾಮಾನ್ಯವಾಗಿ ಬೇರೆಯೇ ಗುತ್ತಿಗೆ ಇರುತ್ತದೆ. ಪರೀಕ್ಷೆಗಳು ರಾಜ್ಯದ ಪಠ್ಯ ಮಾನದಂಡಗಳಿಗೆ ಹೊಂದುತ್ತವೆ ಎಂಬುದಕ್ಕೆ ಪುರಾವೆಯನ್ನು ಕೇಂದ್ರ ಶಿಕ್ಷಣ ಇಲಾಖೆಯ ಪರಿಶೀಲನೆಗೆ ಒಪ್ಪಿಸಬೇಕು. ಆ ಪುರಾವೆಯನ್ನು ತಯಾರಿಸುವ ಕೆಲಸ ಯಾರದು ಎಂದು ಆರ್‌ಎಫ್‌ಪಿ ಮೊದಲೇ ಹೇಳದಿದ್ದರೆ, ಎರಡನೇ ವರ್ಷದಲ್ಲಿ ಕಂಪನಿ 'ಅದು ನಮ್ಮ ಕರಾರಿನಲ್ಲಿಲ್ಲ' ಎಂದು ಬೇರೆ ಬಿಲ್ಲು ಕಳಿಸುತ್ತದೆ.

ವೇಳಾಪಟ್ಟಿಯನ್ನು ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸಬೇಕು. ಪರೀಕ್ಷೆ ಏಪ್ರಿಲ್‌ನಲ್ಲಿ ಎಂದರೆ, ಹಿಂದಿನ ವರ್ಷದ ವಸಂತದಲ್ಲಿ ಪ್ರಶ್ನೆಗಳ ಪ್ರಯೋಗ, ಅಂದರೆ ಫೀಲ್ಡ್ ಟೆಸ್ಟ್, ಮುಗಿದಿರಬೇಕು. ಅದಕ್ಕೂ ಮೊದಲು ಪ್ರಶ್ನೆ ಬರೆಯಲು, ಶಿಕ್ಷಕರ ಸಮಿತಿಗಳು ಅವನ್ನು ನೋಡಲು ಎಂಟು-ಹತ್ತು ತಿಂಗಳು. ಅದಕ್ಕೂ ಮೊದಲು ಟೆಂಡರ್‌ನ ಹಂತಗಳು: ಮಾರುಕಟ್ಟೆಯಲ್ಲಿ ಏನಿದೆ ಎಂದು ತಿಳಿಯಲು ಮಾಹಿತಿ ಕೋರಿಕೆ, ಆರ್‌ಎಫ್‌ಪಿ ಪ್ರಕಟಣೆ, ಕಂಪನಿಗಳ ಲಿಖಿತ ಪ್ರಶ್ನೆಗಳು, ಎಲ್ಲರಿಗೂ ಒಟ್ಟಿಗೆ ಕೊಡುವ ಉತ್ತರ, ತಿದ್ದುಪಡಿ ಹಾಳೆ, ಪ್ರಸ್ತಾವ ಸಲ್ಲಿಕೆ, ಅಂಕ ಹಾಕುವುದು, ಪ್ರಾತ್ಯಕ್ಷಿಕೆ, ಗೆದ್ದವರ ಘೋಷಣೆ, ಸೋತವರ ಆಕ್ಷೇಪಣೆಗೆ ಕಾಲಾವಕಾಶ, ಸಹಿ. ಇಷ್ಟಕ್ಕೇ ಆರರಿಂದ ಒಂಬತ್ತು ತಿಂಗಳು ಬೇಕು. ಒಟ್ಟು ಎರಡು ವರ್ಷ ಮೀರುತ್ತದೆ. ಆಕ್ಷೇಪಣೆಗೆಂದು ದಿನ ಇಡದ ವೇಳಾಪಟ್ಟಿಯನ್ನು ನಂಬಬಾರದು. ದೊಡ್ಡ ಗುತ್ತಿಗೆ ಕಳೆದುಕೊಂಡ ಕಂಪನಿ ಸುಮ್ಮನೆ ಎದ್ದು ಹೋಗುವುದು ಅಪರೂಪ.

ಟೆನೆಸಿ ರಾಜ್ಯದಲ್ಲಿ ಆದದ್ದನ್ನು ನೋಡಿ. ಹಲವು ರಾಜ್ಯಗಳು ಕೂಡಿ ಮಾಡಿಕೊಂಡ 'ಪಾರ್ಕ್' ಎಂಬ ಒಕ್ಕೂಟದ ಪರೀಕ್ಷೆಯನ್ನು ಬಿಟ್ಟು ಹೊಸದಾಗಿ ಟೆಂಡರ್ ಕರೆಯಬೇಕೆಂದು ಅಲ್ಲಿನ ಶಾಸನಸಭೆ 2014ರಲ್ಲಿ ತೀರ್ಮಾನಿಸಿತು. ಹೊಸ ಪರೀಕ್ಷೆ 2015–16ರ ಶೈಕ್ಷಣಿಕ ವರ್ಷಕ್ಕೇ ಬೇಕಿತ್ತು. 2014ರ ಕೊನೆಯಲ್ಲಿ ಐದು ವರ್ಷಕ್ಕೆ 10.8 ಕೋಟಿ ಡಾಲರ್‌ನ ಗುತ್ತಿಗೆ ಮೆಷರ್‌ಮೆಂಟ್ ಇನ್ಕಾರ್ಪೊರೇಟೆಡ್ ಕಂಪನಿಗೆ ಹೋಯಿತು. 2016ರ ಫೆಬ್ರುವರಿ 8ರಂದು, ಪರೀಕ್ಷೆಯ ಮೊದಲ ದಿನವೇ, ಆನ್‌ಲೈನ್ ವ್ಯವಸ್ಥೆ ಕುಸಿಯಿತು. ಇಲಾಖೆ ಎಲ್ಲರನ್ನೂ ಕಾಗದದ ಪರೀಕ್ಷೆಗೆ ತಿರುಗಿಸಿತು. ಕಾಗದದ ಪುಸ್ತಿಕೆಗಳೂ ಹೊತ್ತಿಗೆ ಶಾಲೆ ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಗುತ್ತಿಗೆ ರದ್ದಾಯಿತು, 3ರಿಂದ 8ನೇ ತರಗತಿಯ ಪರೀಕ್ಷೆ ಆ ವರ್ಷ ನಿಂತೇಹೋಯಿತು. ತಿಂಗಳುಗಟ್ಟಲೆ ತಯಾರಾದ ಮಕ್ಕಳಿಗೂ ಶಿಕ್ಷಕರಿಗೂ ಇದು ಸಣ್ಣ ನಷ್ಟವಲ್ಲ. ಸಹಿಗೂ ಪರೀಕ್ಷೆಗೂ ನಡುವೆ ಇದ್ದದ್ದು ಸುಮಾರು 15 ತಿಂಗಳು. ಇದರಲ್ಲಿ ಪ್ರಶ್ನೆ ಬರೆದು, ತಂತ್ರಾಂಶ ಕಟ್ಟಿ, ಅದನ್ನು ಪೂರ್ತಿ ಭಾರಕ್ಕೆ ಒಡ್ಡಿ ನೋಡಲು ಪುರಸೊತ್ತೆಲ್ಲಿ?

ಈ 'ಭಾರ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಆರ್‌ಎಫ್‌ಪಿಗಳಲ್ಲಿ ಅತಿ ಸಡಿಲವಾಗಿ ಬರೆಯುವ ಸಾಲು ಇದೇ. 'ವ್ಯವಸ್ಥೆಯು ರಾಜ್ಯದ ಎಲ್ಲ ವಿದ್ಯಾರ್ಥಿಗಳಿಗೂ ಸಾಲುವಂತಿರಬೇಕು' ಎಂದು ಬರೆದರೆ ಎಲ್ಲ ಕಂಪನಿಗಳೂ ಹೌದು ಎನ್ನುತ್ತವೆ. ಉದಾಹರಣೆಗೆ ತರಗತಿಗೆ 75,000 ಮಕ್ಕಳಿರುವ ಒಂದು ರಾಜ್ಯ ತೆಗೆದುಕೊಳ್ಳೋಣ. ಏಳು ತರಗತಿಗೆ 5,25,000 ಮಕ್ಕಳು. ಅತಿ ಹೆಚ್ಚು ದಟ್ಟಣೆಯ ದಿನ ಮೂರರಲ್ಲಿ ಒಂದು ಭಾಗ ಕೂತರೆ 1,75,000. ಇವರೆಲ್ಲ ದಿನವಿಡೀ ಹಂಚಿಕೊಂಡು ಬರುವುದಿಲ್ಲ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರೊಳಗೆ ಬಂದು ಲಾಗಿನ್ ಆಗುತ್ತಾರೆ. ಅಂದರೆ ನಿಮಿಷಕ್ಕೆ 5,800 ಲಾಗಿನ್. ವ್ಯವಸ್ಥೆಯನ್ನು ಬೀಳಿಸುವುದು ಈ ಅರ್ಧ ಗಂಟೆ. ಉತ್ತರ ಒಪ್ಪಿಸುವ ಹೊತ್ತಿಗೆ ಇನ್ನೊಮ್ಮೆ ಅದೇ ನೂಕುನುಗ್ಗಲು. ಆದ್ದರಿಂದ ಆರ್‌ಎಫ್‌ಪಿ ಹೀಗೆ ಹೇಳಬೇಕು: ನಿಮಿಷಕ್ಕೆ ಇಷ್ಟು ಲಾಗಿನ್, ಅದರ ಒಂದೂವರೆ ಪಟ್ಟು ಭಾರದಲ್ಲಿ ಎರಡು ಗಂಟೆ ಕಾಲ ಪರೀಕ್ಷಿಸಿ ವರದಿ ಕೊಡಬೇಕು, ಆ ವರದಿಯನ್ನು ಇಲಾಖೆ ನೇಮಿಸಿದ ಹೊರಗಿನ ತಜ್ಞರು ನೋಡಬೇಕು, ಇಂಥ ತಾರೀಖಿನೊಳಗೆ ಅದು ಪಾಸಾಗದಿದ್ದರೆ ಕಾಗದದ ಪುಸ್ತಿಕೆ ಮುದ್ರಣಕ್ಕೆ ಹೋಗಬೇಕು. ಕೊನೆಯ ಷರತ್ತನ್ನೇ ಜನ ಮರೆಯುವುದು. ಪುಸ್ತಿಕೆ ಅಚ್ಚಾಗಿ, ಎಣಿಸಿ, ಶಾಲೆವಾರು ಪೆಟ್ಟಿಗೆ ಕಟ್ಟಿ ತಲುಪಿಸಲು ವಾರಗಳೇ ಹಿಡಿಯುತ್ತವೆ. ಪರೀಕ್ಷೆಯ ದಿನ ಬೆಳಿಗ್ಗೆ ತೆಗೆದುಕೊಳ್ಳುವ ತೀರ್ಮಾನ ಅದಲ್ಲ.

ಇದು ಯಂತ್ರದ ಮಾತಾಯಿತು, ಇನ್ನು ಪ್ರಶ್ನೆಗಳ ವಿಷಯ. 40 ಪ್ರಶ್ನೆಗಳ ಒಂದು ಪರೀಕ್ಷೆಗೆ ಪ್ರತಿ ವರ್ಷ 20 ಹೊಸ ಪ್ರಶ್ನೆ ಬೇಕು ಎಂದುಕೊಳ್ಳಿ. ಪ್ರಯೋಗದಲ್ಲಿ ಕೆಲವು ಬಿದ್ದುಹೋಗುತ್ತವೆ: ಅತಿ ಸುಲಭ, ಅತಿ ಕಷ್ಟ, ಎರಡು ಸರಿ ಉತ್ತರ ಇರುವಂಥವು. ಹಾಗಾಗಿ ಪ್ರಯೋಗಕ್ಕೆ 30 ಬೇಕು. ಶಿಕ್ಷಕರ ಸಮಿತಿ, ಪಕ್ಷಪಾತ ಪರಿಶೀಲನಾ ಸಮಿತಿ ದಾಟಿ 30 ಉಳಿಯಬೇಕಾದರೆ ಬರೆಯುವುದು 40. ಹದಿನೇಳು ಪರೀಕ್ಷೆಗೆ 680. ಈ ಅನುಪಾತ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಆದರೆ 'ಸಾಕಷ್ಟು ಪ್ರಶ್ನೆಗಳು' ಎಂದು ಬರೆದ ಆರ್‌ಎಫ್‌ಪಿಗೆ ಒಂದು ಕಂಪನಿ 400ಕ್ಕೆ ಬೆಲೆ ಹಾಕುತ್ತದೆ, ಇನ್ನೊಂದು 900ಕ್ಕೆ. ಆಮೇಲೆ ಎರಡೂ ಬೆಲೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ಚಿಕ್ಕ ರಾಜ್ಯಗಳಿಗೆ ಇನ್ನೊಂದು ತೊಡಕು. ಪ್ರಯೋಗದ ಪ್ರಶ್ನೆಗಳನ್ನು ನಿಜ ಪರೀಕ್ಷೆಯ ಒಳಗೇ, ಅಂಕವಿಲ್ಲದೆ, ಒಬ್ಬೊಬ್ಬ ಮಗುವಿಗೆ ಆರರಂತೆ ಸೇರಿಸುತ್ತಾರೆ. 30 ಪ್ರಶ್ನೆಗೆ ಐದು ಬಗೆಯ ಪತ್ರಿಕೆ ಬೇಕು. ತರಗತಿಗೆ 75,000 ಮಕ್ಕಳಿದ್ದರೆ ಒಂದು ಪ್ರಶ್ನೆಯನ್ನು 15,000 ಮಕ್ಕಳು ನೋಡುತ್ತಾರೆ. ತರಗತಿಗೆ 7,000 ಇದ್ದರೆ ಬರೀ 1,400. ಇಡೀ ಗುಂಪಿನ ಲೆಕ್ಕಕ್ಕೆ ಅಷ್ಟು ಸಾಕು. ಆದರೆ ಒಂದು ಚಿಕ್ಕ ಸಮುದಾಯದ ಮಕ್ಕಳಿಗೆ ಪ್ರಶ್ನೆ ಅನ್ಯಾಯ ಮಾಡುತ್ತಿದೆಯೇ ಎಂದು ಬಿಡಿಸಿ ನೋಡಹೊರಟರೆ ಕೈಗೆ ಸಿಗುವುದು 30-40 ಉತ್ತರ. ಅದರಿಂದ ಏನೂ ಹೇಳಲಾಗದು. ವರ್ಮಾಂಟ್, ವಯೋಮಿಂಗ್‌ನಂಥ ರಾಜ್ಯಗಳು ಪ್ರಶ್ನೆಗಳನ್ನು ಬೇರೆಯವರೊಂದಿಗೆ ಹಂಚಿಕೊಳ್ಳುವುದರಲ್ಲಿ ನ್ಯಾಯವಿದೆ ಎಂದು ನಾನು ಭಾವಿಸುವುದು ಇದಕ್ಕೇ.

ಹಂಚಿಕೊಳ್ಳುವುದು ಎಂದಾಗ ಒಡೆತನದ ಪ್ರಶ್ನೆ ಏಳುತ್ತದೆ. ದುಡ್ಡು ಕೊಟ್ಟು ಬರೆಸಿದ ಪ್ರಶ್ನೆಗಳು ರಾಜ್ಯದ್ದೇ, ಅಥವಾ ಕಂಪನಿಯ ಭಂಡಾರದಿಂದ ಬಾಡಿಗೆಗೆ ಬಂದವೇ? ಫ್ಲೋರಿಡಾ 2013ರಲ್ಲಿ ಪಾರ್ಕ್ ಒಕ್ಕೂಟದಿಂದ ಹಿಂದೆ ಸರಿಯಿತು, 2014ರ ಮಾರ್ಚ್‌ನಲ್ಲಿ ಬೇರೆ ಸಂಸ್ಥೆಯನ್ನು ಆರಿಸಿತು, 2015ರಲ್ಲೇ ಪರೀಕ್ಷೆ ನಡೆಸಬೇಕಿತ್ತು. ಸ್ವಂತ ಪ್ರಶ್ನೆ ಬರೆಸಲು ಕಾಲವಿರಲಿಲ್ಲ. ಯೂಟಾ ರಾಜ್ಯದ ಪ್ರಶ್ನೆಗಳನ್ನು ಬಾಡಿಗೆಗೆ ತಂದಿತು. ಯೂಟಾ ಹಾಗೆ ಕೊಡಲು ಸಾಧ್ಯವಾದದ್ದು ಆ ಪ್ರಶ್ನೆಗಳ ಒಡೆತನ ತನ್ನ ಕೈಯಲ್ಲಿ ಇದ್ದುದರಿಂದ. ಆರ್‌ಎಫ್‌ಪಿ ಬರೆಯುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು: ಪ್ರಶ್ನೆ, ಚಿತ್ರ, ಅದರ ಅಂಕ ಸೂತ್ರ, ಪ್ರಯೋಗದ ಅಂಕಿಅಂಶ, ಇಷ್ಟೂ ರಾಜ್ಯದ ಸೊತ್ತು. ಬೇರೆ ತಂತ್ರಾಂಶದಲ್ಲಿ ತೆರೆಯಬಹುದಾದ ಸಾರ್ವತ್ರಿಕ ಕಡತ ರೂಪದಲ್ಲಿ ವರ್ಷಕ್ಕೊಮ್ಮೆ ಅವನ್ನು ಒಪ್ಪಿಸಬೇಕು. ಗುತ್ತಿಗೆ ಮುಗಿಯುವ ದಿನದವರೆಗೆ ಕಾದರೆ, ಆಗ ಕೊಡುವ ಕಡತ ತೆರೆಯುವುದೇ ಇಲ್ಲ.

ಮೌಲ್ಯಮಾಪನಕ್ಕೆ ಬರೋಣ. ಪ್ರಬಂಧಗಳನ್ನು ಮನುಷ್ಯರೇ ಓದುವುದಾದರೆ, 5,25,000 ಪ್ರಬಂಧ, ಅದರಲ್ಲಿ ನೂರಕ್ಕೆ 10ನ್ನು ಇನ್ನೊಬ್ಬರು ಮತ್ತೆ ಓದಬೇಕು, ಒಟ್ಟು 5,77,500 ಓದು. ಗಂಟೆಗೆ 20ರಂತೆ ಏಳು ಗಂಟೆ ಓದಿದರೆ ಒಬ್ಬರಿಗೆ ದಿನಕ್ಕೆ 140. 20 ಕೆಲಸದ ದಿನಗಳಲ್ಲಿ ಮುಗಿಯಬೇಕಾದರೆ 200 ಮೀರಿದ ಓದುಗರು ಬೇಕು. ಜೂನ್ ಮೊದಲ ವಾರ ಫಲಿತಾಂಶ ಬೇಕು ಎಂದು ಬರೆಯುವ ಇಲಾಖೆ ಈ ಲೆಕ್ಕವನ್ನು ತಾನೇ ಒಮ್ಮೆ ಹಾಕಿ ನೋಡಬೇಕು. ಓದುಗರು ಅರ್ಹತಾ ಪರೀಕ್ಷೆಯಲ್ಲಿ ಎಷ್ಟು ಹೊಂದಾಣಿಕೆ ತೋರಿಸಬೇಕು, ದಿನವೂ ಮೊದಲೇ ಅಂಕ ನಿಶ್ಚಯವಾದ ಎಷ್ಟು ಪ್ರಬಂಧಗಳನ್ನು ಅವರಿಗೆ ಗೊತ್ತಾಗದಂತೆ ನಡುವೆ ಇಟ್ಟು ನೋಡಬೇಕು ಎಂಬುದೂ ಸಂಖ್ಯೆಯಲ್ಲೇ ಇರಲಿ.

ಯಂತ್ರ ಅಂಕ ಹಾಕುವಲ್ಲಿ ತಪ್ಪಾಗುವುದಿಲ್ಲ ಎಂದುಕೊಳ್ಳಬೇಡಿ. 2000ದಲ್ಲಿ ಮಿನ್ನೆಸೋಟಾದ ಗಣಿತ ಪರೀಕ್ಷೆಯ ಒಂದು ಪತ್ರಿಕೆಗೆ ಎನ್‌ಸಿಎಸ್ ಕಂಪನಿ ತಪ್ಪು ಕೀ ಉತ್ತರ ಬಳಸಿತು. ಸುಮಾರು 8,000 ಮಕ್ಕಳು ಪಾಸಾಗಿದ್ದರೂ ಫೇಲ್ ಎನಿಸಿಕೊಂಡರು. ಪ್ರೌಢಶಾಲೆಯ ಕೊನೆಯ ವರ್ಷದ ಕೆಲವರಿಗೆ ಪದವಿಪತ್ರವೇ ಸಿಗಲಿಲ್ಲ. ಒಬ್ಬ ತಂದೆ ಮಗಳ ಉತ್ತರಪತ್ರಿಕೆಯನ್ನು ಕಣ್ಣಾರೆ ನೋಡಲೇಬೇಕೆಂದು ಪಟ್ಟುಹಿಡಿದಾಗ ತಪ್ಪು ಬಯಲಾಯಿತು. ನನ್ನ ನೋವು ಏನೆಂದರೆ, ಇಂಥ ತಪ್ಪು ಅಂಕಿಯಲ್ಲೇ ಕಾಣುತ್ತದೆ. ಕೀ ತಪ್ಪಿದ್ದರೆ, ಉಳಿದ ಪ್ರಶ್ನೆಗಳಲ್ಲಿ ಚೆನ್ನಾಗಿ ಮಾಡಿದ ಮಕ್ಕಳೇ ಆ ಒಂದು ಪ್ರಶ್ನೆಯಲ್ಲಿ ಗುಂಪಾಗಿ 'ತಪ್ಪು' ಮಾಡುತ್ತಾರೆ. ಮೊದಲು ಬಂದ ಕೆಲವು ಸಾವಿರ ಉತ್ತರಗಳಲ್ಲಿ ಈ ಸಂಬಂಧವನ್ನು ನೋಡಿದರೆ ಸಾಕು, ತಲೆಕೆಳಗಾದ ಪ್ರಶ್ನೆ ಎದ್ದು ಕಾಣುತ್ತದೆ. ಫಲಿತಾಂಶ ಹೊರಬೀಳುವ ಮೊದಲು ಈ ತಪಾಸಣೆ, ಜೊತೆಗೆ ಕಂಪನಿಗೆ ಸಂಬಂಧವಿಲ್ಲದ ಮೂರನೆಯವರು ಸ್ವತಂತ್ರವಾಗಿ ಅಂಕಗಳನ್ನು ಮತ್ತೆ ಲೆಕ್ಕಹಾಕುವುದು, ಎರಡನ್ನೂ ಟೆಂಡರ್‌ನಲ್ಲೇ ಕಡ್ಡಾಯ ಮಾಡಬೇಕು.

ಬಂದ ಪ್ರಸ್ತಾವಗಳನ್ನು ತೂಗುವುದು ಹೇಗೆ? ತಾಂತ್ರಿಕ ಭಾಗ ಒಂದು ಲಕೋಟೆ, ಬೆಲೆ ಇನ್ನೊಂದು. ತಾಂತ್ರಿಕ ಅಂಕ ಬರೆದು ಸಹಿಯಾಗುವವರೆಗೆ ಬೆಲೆಯ ಲಕೋಟೆ ಒಡೆಯಬಾರದು. ಸಮಿತಿಯಲ್ಲಿ ವಿಷಯ ತಜ್ಞರು, ಮಾಪನ ತಜ್ಞರು, ಜಿಲ್ಲಾ ಪರೀಕ್ಷಾ ಸಂಯೋಜಕರು, ಮಾಹಿತಿ ತಂತ್ರಜ್ಞಾನದವರು, ವಿಶೇಷ ಶಿಕ್ಷಣದವರು ಇರಬೇಕು. ಬೆಲೆಗೆ ನೂರಕ್ಕೆ 50 ಅಂಕ ಇಟ್ಟರೆ ದುರ್ಬಲ ಕಂಪನಿಯೂ ಅಗ್ಗದಿಂದ ಗೆಲ್ಲಬಹುದು. 20ರಿಂದ 30ರ ಒಳಗೆ ಇರಲಿ ಎಂಬುದು ನನ್ನ ಮತ. ಪ್ರಾತ್ಯಕ್ಷಿಕೆಗೆ ಕಂಪನಿಯವರ ಲ್ಯಾಪ್‌ಟಾಪ್ ಬೇಡ. ಶಾಲೆಯಲ್ಲಿರುವ ಅತಿ ಹಳೆಯ ಯಂತ್ರ ಕೊಟ್ಟು, ಪರದೆ ಓದುವ ತಂತ್ರಾಂಶದೊಂದಿಗೆ, ಬ್ರೈಲ್ ಸಾಧನದೊಂದಿಗೆ ಒಂದು ಪರೀಕ್ಷೆಯನ್ನು ಪೂರ್ತಿ ನಡೆಸಿ ತೋರಿಸಲು ಹೇಳಬೇಕು.

ಷರತ್ತುಗಳನ್ನು ಒಬ್ಬರಿಗೇ ಹೊಂದುವಂತೆ ಬರೆಯುವುದೂ ಅಪಾಯ. ಪಾರ್ಕ್ ಒಕ್ಕೂಟದ ದೊಡ್ಡ ಟೆಂಡರನ್ನು ನ್ಯೂ ಮೆಕ್ಸಿಕೊ ರಾಜ್ಯ ಕರೆದಾಗ, ಷರತ್ತುಗಳು ಪಿಯರ್ಸನ್ ಕಂಪನಿಗೆ ಅನುಕೂಲವಾಗಿವೆ ಎಂದು ಪ್ರತಿಸ್ಪರ್ಧಿ ಸಂಸ್ಥೆ ಆಕ್ಷೇಪಿಸಿತು. ಕೊನೆಗೆ ಬಂದ ಬಿಡ್ ಪಿಯರ್ಸನ್‌ದು ಒಂದೇ. 2014ರಲ್ಲಿ ಗುತ್ತಿಗೆ ಅವರಿಗೇ ಆಯಿತು, ವಿವಾದ ನ್ಯಾಯಾಲಯಕ್ಕೆ ಹೋಯಿತು. ಒಂದೇ ಬಿಡ್ ಬಂದರೆ ಬೆಲೆ ಸರಿಯೋ ತಪ್ಪೋ ಎಂದು ಅಳೆಯಲು ಇಲಾಖೆಗೆ ಬೇರೆ ಅಳತೆಗೋಲೇ ಉಳಿಯುವುದಿಲ್ಲ.

ದಂಡದ ಪಟ್ಟಿಯನ್ನೂ ಬಿಡುವಂತಿಲ್ಲ. ಟೆಕ್ಸಸ್‌ನಲ್ಲಿ 2016ರ ಮಾರ್ಚ್‌ನಲ್ಲಿ ಆನ್‌ಲೈನ್ ದೋಷದಿಂದ 14,220 ಪರೀಕ್ಷೆಗಳಿಗೆ ತೊಂದರೆಯಾಯಿತು. ಗುತ್ತಿಗೆದಾರ ಇಟಿಎಸ್ ಸಂಸ್ಥೆಗೆ ರಾಜ್ಯ ಹೊರಿಸಿದ ಒಟ್ಟು ಹೊರೆ 2.07 ಕೋಟಿ ಡಾಲರ್: 57 ಲಕ್ಷ ನೇರ ದಂಡ, 1.5 ಕೋಟಿ ಸಂಸ್ಥೆಯೇ ವ್ಯವಸ್ಥೆ ಸುಧಾರಣೆಗೆ ಖರ್ಚು ಮಾಡಬೇಕಾದದ್ದು. ಈ ಎರಡನೆಯ ದಾರಿ ನನಗೆ ಹಿಡಿಸುತ್ತದೆ, ಏಕೆಂದರೆ ಖಜಾನೆಗೆ ಹೋದ ದಂಡದಿಂದ ಮುಂದಿನ ವರ್ಷದ ಮಗುವಿಗೆ ನೇರ ಪ್ರಯೋಜನವಿಲ್ಲ. ದಂಡವನ್ನು ಘಟನೆವಾರು ಬರೆಯಬೇಕು: ಪುಸ್ತಿಕೆ ತಡವಾದರೆ ದಿನಕ್ಕಿಷ್ಟು, ಸೇವೆ ನಿಂತರೆ ಗಂಟೆಗಿಷ್ಟು, ಉತ್ತರ ಕಳೆದುಹೋದರೆ ಮಗುವಿಗಿಷ್ಟು. ಹಾಗೆಂದು ಗುತ್ತಿಗೆಯ ಮೊತ್ತವನ್ನೇ ನುಂಗುವಷ್ಟು ದಂಡ ಇಟ್ಟರೆ ಒಳ್ಳೆಯ ಕಂಪನಿಗಳು ಬಿಡ್ಡೇ ಹಾಕುವುದಿಲ್ಲ, ಹಾಕಿದವರು ಆ ಅಪಾಯವನ್ನು ಬೆಲೆಗೆ ಸೇರಿಸಿರುತ್ತಾರೆ.

ಕೊನೆಯದಾಗಿ ಮೊದಲ ವರ್ಷದ ಫಲಿತಾಂಶ. ಹೊಸ ಪರೀಕ್ಷೆಗೆ ಯಾವ ಅಂಕದ ಮೇಲೆ 'ನಿರೀಕ್ಷಿತ ಮಟ್ಟ' ಎಂಬುದನ್ನು ಶಿಕ್ಷಕರ ಸಮಿತಿ ಮಕ್ಕಳ ನಿಜವಾದ ಉತ್ತರಗಳು ಬಂದ ಮೇಲೆ ಕೂತು ಶಿಫಾರಸು ಮಾಡಬೇಕು, ರಾಜ್ಯ ಶಿಕ್ಷಣ ಮಂಡಳಿ ಒಪ್ಪಬೇಕು. ಅದು ಬೇಸಿಗೆ ದಾಟಿ ಶರತ್ಕಾಲಕ್ಕೆ ಹೋಗುತ್ತದೆ. ಹಾಗಾಗಿ ಆರ್‌ಎಫ್‌ಪಿಯಲ್ಲಿ ಎರಡು ತಾರೀಖು ಇರಲಿ: ಮೊದಲ ವರ್ಷಕ್ಕೆ ಅಕ್ಟೋಬರ್, ಎರಡನೇ ವರ್ಷದಿಂದ ಜೂನ್. ಆರ್‌ಎಫ್‌ಪಿ ಪ್ರಕಟಣೆಯ ದಿನವೇ ಇದನ್ನು ಜಿಲ್ಲೆಗಳಿಗೂ ಪೋಷಕರಿಗೂ ತಿಳಿಸಿದರೆ, ಶಾಲೆಗಳು ತರಗತಿ ಹಂಚಿಕೆಗೂ ಬೇಸಿಗೆ ಪಾಠಗಳಿಗೂ ಆ ವರ್ಷ ಬೇರೆ ಆಧಾರ ಹುಡುಕಿಕೊಳ್ಳಲು ಒಂದಿಡೀ ವರ್ಷ ಸಿಗುತ್ತದೆ.