ಹಳೆ ಸೋಫಾದ ಹೊಟ್ಟೆಯಲ್ಲಿ ಏನಿತ್ತು?

ಇದನ್ನು ಮಹಡಿಗೆ ಹತ್ತಿಸಲು ನಾಲ್ಕು ಜನ ಬೇಕಾಯಿತು. ಅಣ್ಣನ ಮುಖ ನೋಡಬೇಕಿತ್ತು! ಪೂರ್ತಿ ಸಾಗವಾನಿ ಸೋಫಾ, ಅದಕ್ಕೇ ಈ ಭಾರ.

ಬೆಳಗಾವಿ ಕ್ಯಾಂಪಿನ, ಅಂದರೆ ದಂಡುಪ್ರದೇಶದ, ಹಳೆ ಬಂಗಲೆಗಳನ್ನು ನೋಡಿದ್ದೀರಲ್ವಾ? ಅಂಥ ಮನೆಗೇ ಮಾಡಿದಂತಿದೆ ಇದು. ಗುಜರಿ ಅಂಗಡಿಯವರು "150 ವರ್ಷದ್ದ್ರೀ" ಅಂದರು. ನಾನು ನಂಬಿಬಿಟ್ಟೆ. ಆದರೂ ಒಂದು ಪರೀಕ್ಷೆ ಮಾಡಿದೆ. ಮುಂದಿನ ಒಂದು ಕಾಲನ್ನು ಗೇಣುದ್ದ ಎತ್ತಿದೆ. ಪಕ್ಕದ ಕಾಲೂ ಜೊತೆಗೇ ಎದ್ದಿತು. ಎದ್ದರೆ ಚೌಕಟ್ಟು ಗಟ್ಟಿ. ಏಳದೆ ನೆಲದಲ್ಲೇ ಕೂತರೆ ಕೀಲು ಸಡಿಲ, ಸುಮ್ನೆ ವಾಪಸ್ ಬನ್ನಿ. ಗೆದ್ದಲು, ತಗಣಿ ಇದೆಯಾ ಅಂತಲೂ ಬೆಳಕು ಹಿಡಿದು ನೋಡಿ.

ಕುಶನ್ ಕೆಲಸದ ಕಾಕಾ ಬೆನ್ನಿನ ಬಟ್ಟೆ ಬಿಚ್ಚಿದರು. ಒಳಗೆ ಕಪ್ಪು, ಸುರುಳಿ ಸುರುಳಿ ಕೂದಲು. ಕುದುರೆಯದು! ಒತ್ತಿ ಬಿಟ್ಟರೆ ಮತ್ತೆ ಉಬ್ಬುತ್ತದೆ. ಆಮೇಲೆ ಸೀಟು ಬಿಚ್ಚಿದರು. ಹಳದಿ ಫೋಮು, ಪುಡಿಪುಡಿ. ಸುತ್ತ ಸ್ಟೇಪಲ್ ಪಿನ್ನು.

"ಇದು ಆಮ್ಯಾಲ ತುಂಬಿದ್ದು ಬೇಟಾ," ಅಂದರು ಕಾಕಾ. ಈ ಪಾಲಿಯುರೆಥೇನ್ ಫೋಮ್ ಪೀಠೋಪಕರಣಕ್ಕೆ ಬಂದಿದ್ದೇ 1950ರ ದಶಕದಿಂದ ಈಚೆಗೆ. ಸೀಟಿನ ಮಟ್ಟಿಗಾದರೂ 150 ವರ್ಷದ ಲೆಕ್ಕ ಅಲ್ಲೇ ಬಿತ್ತು. ಬೇಜಾರಾಯಿತು, ನಿಜ.

ಆದರೆ ಫೋಮಿನ ಕೆಳಗೆ ಹಳೆ ಸ್ಪ್ರಿಂಗುಗಳು ಹಾಗೇ ಇದ್ದವು. ಅಡಿಯ ಗೋಣಿ ಪಟ್ಟಿ ಮಾತ್ರ ಜೋತುಬಿದ್ದಿತ್ತು. ಕಾಕಾ ಹೊಸ ಪಟ್ಟಿ ಬಿಗಿದು, ಒಂದೊಂದು ಸ್ಪ್ರಿಂಗನ್ನೂ ಎಂಟು ಕಡೆ ದಾರದಿಂದ ಕಟ್ಟಿದರು. ಹಿಂದೆ ಮುಂದೆ, ಎಡ ಬಲ, ಮೂಲೆಯಿಂದ ಮೂಲೆಗೆ. ಒಂದು ಸ್ಪ್ರಿಂಗ್ ಕುಗ್ಗಿದರೆ ಅಕ್ಕಪಕ್ಕದವೂ ಭಾರ ಹೊರುತ್ತವೆ. ಅದಕ್ಕೇ ಕೂತಾಗ ಗುಂಡಿ ಬೀಳುವುದಿಲ್ಲ. ಇದನ್ನು ಪೂರ್ತಿ ತೋರಿಸಬೇಕಿತ್ತು, ನನ್ನ ಕ್ಯಾಮೆರಾ ಬ್ಯಾಟರಿ ಮಧ್ಯಾಹ್ನಕ್ಕೇ ಸತ್ತಿತು.

ಬಟ್ಟೆಗೆ ವೆಲ್ವೆಟ್ ಅಂದುಕೊಂಡಿದ್ದೆ. ನಮ್ಮ ಬೆಳಗಾವಿ ಮಳೆಯ ತಂಪಿಗೆ ವಾಸನೆ ಹಿಡಿದೀತು ಅಂತ ಬಿಟ್ಟೆ. ಹುದಲಿಯ ದಪ್ಪ ಖಾದಿ ತಂದೆ. ಖಾದಿ ಜಗ್ಗುತ್ತದೆ ಅಂತ ಕಾಕಾ ಗೊಣಗಿ, ಕೆಳಗೆ ಮಾದರಪಾಟ ಅನ್ನೋ ಒರಟು ಹತ್ತಿಬಟ್ಟೆ ಹಾಕಿದರು.

ಹೊಸ ಸೋಫಾದ ಬೆಲೆಗಿಂತ ಜಾಸ್ತಿಯೇ ಆಯಿತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಮೊದಲು ಕೂತದ್ದು ಆಯಿ, ನಮ್ಮಜ್ಜಿ. ಕಾಲು ಮೇಲೆತ್ತಿ, ಚಕ್ಕಂಬಕ್ಕಲ ಹಾಕಿ. ಒಳಗಿಂದ ಕಿರ್ ಅಂತ ಸದ್ದು.

"ಏನಬೇ, ಇದು ಮಾತಾಡತೈತಿ?"

ಧಾರಾವಾಹಿ ಮುಗಿಯುವವರೆಗೂ ಎದ್ದೇಳಲಿಲ್ಲ.