ಬಾನೆಟ್ ಮೇಲಿನ ಹೂವಿನ ಬುಟ್ಟಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು 31 ವರ್ಷ ಬಸ್ ಓಡಿಸಿದವನು. ಹಾಸನ, ಸಕಲೇಶಪುರ, ಮಂಗಳೂರು, ಒಮ್ಮೊಮ್ಮೆ ಬೆಂಗಳೂರು. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಒಂದು ಹಳೆಯ ಪೆಟ್ರೋಲ್ ಕಾರಿದೆ, ಒಂದು ಸ್ಕೂಟರ್ ಇದೆ. ಪೆಟ್ರೋಲ್ ಖರ್ಚು ಕಡಿಮೆ ಮಾಡೋದು ಹೇಗೆ ಅಂತ ಮಾತಾಡಲು ರೇಡಿಯೋದವರು ಕರೆದಿದ್ದಾರೆ ಎಂದಾಗ ನನ್ನ ಹೆಂಡತಿ ನಕ್ಕಳು. "ನೀವು ಮನೆಯಲ್ಲಿ ಬೇರೆ ಏನು ಮಾತಾಡ್ತೀರಿ, ಹೋಗಿ ಬನ್ನಿ" ಅಂದಳು.

ಅವಳು ಹೇಳಿದ್ದು ನಿಜ. ಡಿಪೋದಲ್ಲಿ ನಮಗೆಲ್ಲ ಒಂದು ಜಾತಕ ಇರುತ್ತಿತ್ತು. ಅದರ ಹೆಸರು ಕೆಎಂಪಿಎಲ್. ಅಂದರೆ ಒಂದು ಲೀಟರ್ ಡೀಸೆಲ್‌ಗೆ ಬಸ್ ಎಷ್ಟು ಕಿಲೋಮೀಟರ್ ಓಡಿತು ಅನ್ನೋ ಲೆಕ್ಕ. ಒಂದೇ ಬಸ್, ಒಂದೇ ರೂಟು, ಇಬ್ಬರು ಡ್ರೈವರ್. ಒಬ್ಬನಿಗೆ ಐದು ಬರುತ್ತದೆ, ಇನ್ನೊಬ್ಬನಿಗೆ ಐದು ಪಾಯಿಂಟ್ ಎರಡು. ಇಷ್ಟಕ್ಕೆ ಏನಾಗುತ್ತೆ ಅನ್ನಿಸಬಹುದು. ದಿನಕ್ಕೆ 400 ಕಿಲೋಮೀಟರ್ ಓಡುವ ಬಸ್ಸಿಗೆ ಅದು ಮೂರು ಲೀಟರ್ ಡೀಸೆಲ್. ಡಿಪೋದಲ್ಲಿ ನೂರು ಬಸ್ ಇದ್ದರೆ ದಿನಕ್ಕೆ ಮುನ್ನೂರು ಲೀಟರ್. ಅದಕ್ಕೇ ಮೇಲಿನವರು ಆ ಪಾಯಿಂಟ್ ಎರಡರ ಹಿಂದೆ ಬೀಳುತ್ತಿದ್ದರು. ಕಡಿಮೆ ಬಂದವನನ್ನು ಕರೆದು ವಿಚಾರಿಸುತ್ತಿದ್ದರು. ನನ್ನನ್ನೂ ಕರೆದಿದ್ದಾರೆ, ಮೊದಲ ವರ್ಷ, ಎರಡು ಸಲ.

ಆಗ ನನ್ನ ಕೈ ಹಿಡಿದವರು ಒಬ್ಬ ಹಿರಿಯ ಡ್ರೈವರ್. ಹಳೆಯ ಬಸ್‌ಗಳಲ್ಲಿ ಡ್ರೈವರ್ ಪಕ್ಕದಲ್ಲೇ ಇಂಜಿನ್ ಬಾನೆಟ್ ಇರುತ್ತಿತ್ತು, ನೆನಪಿದೆಯಾ? ಸಂತೆಗೆ ಹೋಗುವವರು ಬುಟ್ಟಿ, ಚೀಲ ಎಲ್ಲ ಅದರ ಮೇಲೇ ಇಡುತ್ತಿದ್ದರು. ಅವರು ಹೇಳಿದ್ದು ಒಂದೇ ಮಾತು. "ಲೇ ತಮ್ಮಾ, ಬಾನೆಟ್ ಮೇಲೆ ಹೂವಿನ ಬುಟ್ಟಿ ಇದೆ ನೋಡು. ಅದು ಜಾರಿದ್ರೆ ನೀನು ಡೀಸೆಲ್ ಚೆಲ್ಲಿದೆ ಅಂತಾನೇ ಲೆಕ್ಕ."

ಎಷ್ಟು ಸರಳ, ಅಲ್ವಾ? ಆದರೆ ಪೂರ್ತಿ ವಿದ್ಯೆ ಅದರಲ್ಲೇ ಇದೆ. ಗಾಡಿಗೆ ವೇಗ ಬರುವುದು ಎಣ್ಣೆಯಿಂದ. ಎಣ್ಣೆ ನಾವು ದುಡ್ಡು ಕೊಟ್ಟು ತಂದದ್ದು. ಬ್ರೇಕ್ ಒತ್ತಿದಾಗ ಆ ವೇಗವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಮತ್ತೆ ಆಕ್ಸಿಲೇಟರ್ ತುಳಿದು ಅದೇ ವೇಗವನ್ನು ಇನ್ನೊಮ್ಮೆ ಕೊಳ್ಳುತ್ತೇವೆ. ಮುಂದೆ ಕೆಂಪು ದೀಪ ಕಾಣುತ್ತಿದ್ದರೂ ಅಲ್ಲಿಯವರೆಗೆ ರೊಯ್ಯನೆ ಹೋಗಿ ಗಕ್ಕನೆ ನಿಲ್ಲಿಸುವವರನ್ನು ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹೇಗೂ ನಿಲ್ಲಲೇಬೇಕು. ನೂರು ಮಾರು ಮೊದಲೇ ಕಾಲು ಎತ್ತಿದರೆ ಗಾಡಿ ತಾನೇ ನಿಧಾನವಾಗುತ್ತದೆ. ಅಷ್ಟರಲ್ಲಿ ಹಸಿರು ಬಂದರೂ ಬಂತು.

ಬೆಂಗಳೂರಿನವರು ಈಗ ಕೇಳುತ್ತೀರಿ, ನಾವು ಓಡಿಸೋದೇ ಇಲ್ಲವಲ್ಲ, ನಿಂತಿರೋದೇ ಜಾಸ್ತಿ, ನಮಗೇನು ದಾರಿ ಅಂತ. ಸರಿ, ನಿಂತಿದ್ದರ ಲೆಕ್ಕವನ್ನೇ ಮಾಡೋಣ. ಇಂಜಿನ್ ಚಾಲೂ ಇಟ್ಟು ಸುಮ್ನೆ ನಿಂತ ಸಣ್ಣ ಪೆಟ್ರೋಲ್ ಕಾರು ಗಂಟೆಗೆ ಹೆಚ್ಚುಕಡಿಮೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ. ಎಸಿ ಇದ್ದರೆ ಇನ್ನೂ ಜಾಸ್ತಿ. ದಿನಕ್ಕೆ ಅರ್ಧ ಗಂಟೆ ಹೀಗೆ ನಿಂತರೂ ತಿಂಗಳಿಗೆ ಕಡಿಮೆ ಅಂದರೆ ಆರು ಲೀಟರ್. ಲೀಟರ್‌ಗೆ ನೂರು ರೂಪಾಯಿ ಅಂತ ಇಟ್ಟುಕೊಳ್ಳೋಣ, ಲೆಕ್ಕಕ್ಕೆ ಸುಲಭ. ಆರುನೂರು ರೂಪಾಯಿ, ಒಂದು ಗೇಣೂ ಮುಂದೆ ಹೋಗದೆ. 2020ರಲ್ಲಿ ದೆಹಲಿಯಲ್ಲಿ ಸರ್ಕಾರವೇ "ರೆಡ್ ಲೈಟ್ ಆನ್, ಗಾಡಿ ಆಫ್" ಅಂತ ಪ್ರಚಾರ ಶುರು ಮಾಡಿತ್ತು. ಅದು ಹೊಗೆ ಕಡಿಮೆ ಮಾಡಲಿಕ್ಕೆ. ಆದರೆ ಉಳಿಯುವುದು ನಮ್ಮ ಜೇಬು. ನಮ್ಮ ಆಟೋದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಸಿಗ್ನಲ್‌ನಲ್ಲಿ ನಂಬರ್ ಎಣಿಸುತ್ತಾ ಆಫ್ ಮಾಡಿ ಕೂತಿರುತ್ತಾರೆ, ಐದು ಅನ್ನುವಷ್ಟರಲ್ಲಿ ಸ್ಟಾರ್ಟ್.

"ಸ್ಟಾರ್ಟ್ ಮಾಡೋಕೇ ಜಾಸ್ತಿ ಪೆಟ್ರೋಲ್ ಬೇಕಲ್ಲ" ಅನ್ನುವವರಿದ್ದಾರೆ. ಹಳೇ ಕಾಲದ ಗಾಡಿಗಳಿಗೆ ಆ ಮಾತು ಸ್ವಲ್ಪ ಸಲ್ಲುತ್ತಿತ್ತು. ಈಗಿನ ಗಾಡಿಗಳಲ್ಲಿ ಒಂದು ಸಲ ಸ್ಟಾರ್ಟ್ ಮಾಡುವುದಕ್ಕೆ ಹಿಡಿಯುವುದು ಸುಮಾರು ಹತ್ತು ಸೆಕೆಂಡ್ ನಿಂತಲ್ಲೇ ಓಡಿದಷ್ಟು ಪೆಟ್ರೋಲ್. ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿದ್ದರೆ ನಾನು ಆಫ್ ಮಾಡುತ್ತೇನೆ.

ಇನ್ನು ಘಾಟಿ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮಪ್ಪ ಹೇಳುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್‌ಗೆ ರೇಷನ್. ಆಗ ಇದ್ದಿಲಿನ ಗ್ಯಾಸ್‌ನಲ್ಲಿ ಬಸ್ ಓಡುತ್ತಿದ್ದವು. ಬಸ್ಸಿಗೆ ಒಂದು ಎತ್ತರದ ಒಲೆ ಕಟ್ಟಿರುತ್ತಿದ್ದರು. ಬೆಳಿಗ್ಗೆ ಎದ್ದು ಒಬ್ಬ ಹುಡುಗ ಚಕ್ರ ತಿರುಗಿಸಿ ಗಾಳಿ ಊದಬೇಕು, ಬೆಂಕಿ ಹಿಡಿದ ಮೇಲೆ ಪ್ರಯಾಣ. ಕಡಿದಾದ ಏರು ಬಂದರೆ ಜನ ಇಳಿದು ತಳ್ಳಬೇಕು. ಹತ್ತುವಾಗ ಅಷ್ಟು ಕಷ್ಟಪಟ್ಟವರಿಗೆ ಇಳಿಯುವಾಗ ಪುಕ್ಕಟೆ ಇಳಿಯೋಣ ಅನ್ನಿಸದೇ ಇರುತ್ತಾ? ಆ ಆಸೆ ನಮ್ಮ ಕಾಲದವರೆಗೂ ಬಂತು. ಸಕಲೇಶಪುರ ದಾಟಿ ಶಿರಾಡಿ ಇಳಿಜಾರು ಶುರುವಾದರೆ ಸಾಕು, ಕೆಲವರು ನ್ಯೂಟ್ರಲ್‌ಗೆ ಹಾಕಿಬಿಡುತ್ತಿದ್ದರು. ಕೆಲವರು ಇಂಜಿನ್ನೇ ಆಫ್. ಘಾಟಿಯ ಬುಡದ ಗುಂಡ್ಯದವರೆಗೆ ಖರ್ಚಿಲ್ಲ ಅನ್ನುವ ಲೆಕ್ಕ.

ದಯವಿಟ್ಟು ಹೀಗೆ ಮಾಡಬೇಡಿ. ಮೊದಲು ಜೀವದ ಮಾತು. ಇಂಜಿನ್ ನಿಂತರೆ ಬಸ್ಸಿನಲ್ಲಿ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತದೆ. ಕಾರಿನಲ್ಲಿ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಗಾಡಿಯ ಇಡೀ ಭಾರ ಬ್ರೇಕ್ ಮೇಲೆ. ಸುಟ್ಟ ಬ್ರೇಕ್ ಲೈನರ್‌ನ ವಾಸನೆ ಘಾಟಿಯಲ್ಲಿ ಎಷ್ಟು ಸಲ ಮೂಗಿಗೆ ಹೊಡೆದಿದೆಯೋ ಲೆಕ್ಕವಿಲ್ಲ. ಹತ್ತಿದ ಗೇರ್‌ನಲ್ಲೇ ಇಳಿಯಬೇಕು ಅಂತ ಹಳಬರು ಹೇಳುತ್ತಿದ್ದದ್ದು ಇದಕ್ಕೇ.

ಈಗ ದುಡ್ಡಿನ ಮಾತು. ಇಲ್ಲೇ ಬಹಳ ಜನ ತಪ್ಪುವುದು. ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬುರೇಟರ್ ಇದ್ದ ಕಾಲದಲ್ಲಿ ಇಳಿಜಾರಿನಲ್ಲೂ ಇಂಜಿನ್ ತಿರುಗುತ್ತಿದ್ದರೆ ಅದು ಪೆಟ್ರೋಲ್ ಎಳೆಯುತ್ತಲೇ ಇತ್ತು. ಈಗ ಕಾರುಗಳಲ್ಲಿ ಇರುವುದು ಇಂಜೆಕ್ಷನ್, ಅಂದರೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಬಿಡುವ ವ್ಯವಸ್ಥೆ. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಹೊಸ ಬೈಕು, ಸ್ಕೂಟರ್‌ಗಳಲ್ಲೂ ಬಹುತೇಕ ಅದೇ. ಗೇರ್‌ನಲ್ಲಿದ್ದು ಆಕ್ಸಿಲೇಟರ್‌ನಿಂದ ಕಾಲು ಪೂರ್ತಿ ಎತ್ತಿದರೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿದೆ ಅಂತ ಒಳಗಿನ ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ಅದು ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ? ಇಂಜಿನ್ ಆರಿಹೋಗದಂತೆ ನೋಡಿಕೊಳ್ಳಲು ಮತ್ತೆ ಪೆಟ್ರೋಲ್ ಬಿಡಲೇಬೇಕು. ಅಂದರೆ ಉಳಿಸಲು ಹೊರಟವನೇ ಖರ್ಚು ಮಾಡುತ್ತಿದ್ದಾನೆ, ಅದೂ ಬ್ರೇಕ್ ಸುಟ್ಟುಕೊಂಡು. ನನ್ನ ಮಗ ಇಂಜಿನಿಯರ್. ಅವನಿಗೇ ಇದನ್ನು ನಾನು ಹೇಳಬೇಕಾಯಿತು. ಆ ಖುಷಿ ಬೇರೆ.

ಬೆಂಗಳೂರು ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್. ಕಾರಿಗೆ 100ರ ಮಿತಿ ಇದೆ. ಮಿತಿ ಇದೆ ಅಂದ ಮಾತ್ರಕ್ಕೆ ಅಷ್ಟು ಹೋಗಲೇಬೇಕು ಅಂತೇನಿಲ್ಲ. ನಾನು ಒಂದು ಸಲ 80ರಲ್ಲಿ ಹೋಗಿ ನೋಡಿದೆ, ಇನ್ನೊಂದು ಸಲ 100ರಲ್ಲಿ. 80ರಲ್ಲಿ ಲೀಟರ್‌ಗೆ 19 ಕೊಟ್ಟ ಕಾರು 100ರಲ್ಲಿ 16 ಕೊಟ್ಟಿತು. ಒಂದು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಹೋಯಿತು. ಬೇಗ ತಲುಪಿದ್ದು ಹದಿನೆಂಟು ನಿಮಿಷ. ಗಾಳಿ ತಡೆಯುವ ಬಲ ವೇಗದ ಜೊತೆ ಸಮಸಮ ಏರುವುದಿಲ್ಲ, ಅದರ ವರ್ಗದ ಲೆಕ್ಕದಲ್ಲಿ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ಗಾಳಿಯ ಅಡ್ಡಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಹದಿನೆಂಟು ನಿಮಿಷಕ್ಕೆ ನೂರಿಪ್ಪತ್ತು ರೂಪಾಯಿ ಕೊಡಬಹುದೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ಮದುವೆ ಮುಹೂರ್ತಕ್ಕೆ ತಡವಾಗಿದ್ದರೆ ನಾನೂ ಕೊಡುತ್ತೇನೆ. ಮದ್ದೂರು ವಡೆ ತಿನ್ನಲು ಇಪ್ಪತ್ತು ನಿಮಿಷ ನಿಲ್ಲುವವನಾದರೆ ಮಾತ್ರ ಆ ಆತುರಕ್ಕೆ ಅರ್ಥವಿಲ್ಲ.

ಟೈರ್ ಗಾಳಿ, ಎಲ್ಲರಿಗೂ ಗೊತ್ತಿರುವ ವಿಷಯ, ಯಾರೂ ಮಾಡದ ಕೆಲಸ. ಬಂಕ್‌ನಲ್ಲಿ ಗಾಳಿ ಪುಕ್ಕಟೆ. ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ ಹಾಕಿಸಿ. ಎಷ್ಟು ಹಾಕಬೇಕು ಅನ್ನುವುದು ಕಾರಿನ ಬಾಗಿಲ ಒಳಬದಿಯಲ್ಲೋ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೋ ಇರುತ್ತದೆ. ಎಸಿ ವಿಷಯಕ್ಕೆ ಗಂಡ ಹೆಂಡತಿ ಜಗಳವಾಡಬೇಡಿ. ಊರೊಳಗೆ ನಿಧಾನವಾಗಿ ಹೋಗುವಾಗ ಕಿಟಕಿ ತೆಗೆಯಿರಿ, ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿ. ವರ್ಷಪೂರ್ತಿ ಖಾಲಿ ಕ್ಯಾರಿಯರ್ ತಲೆ ಮೇಲೆ ಹೊತ್ತು ಓಡಾಡುವ ಕಾರುಗಳನ್ನು ನೋಡಿದರೆ ಮಾತ್ರ ಬಿಚ್ಚಿಡಿ ಅಂತ ಕೂಗಿ ಹೇಳಬೇಕು ಅನ್ನಿಸುತ್ತದೆ.

ಕಾರವಾರದಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಪೆಟ್ರೋಲ್ ಜಿಎಸ್‌ಟಿಗೆ ಸೇರಿಲ್ಲ, ಹಾಗಾಗಿ ಒಂದೊಂದು ರಾಜ್ಯದಲ್ಲಿ ಒಂದೊಂದು ತೆರಿಗೆ, ಒಂದೊಂದು ದರ. 2024ರ ಜೂನ್‌ನಲ್ಲಿ ನಮ್ಮಲ್ಲಿ ಮಾರಾಟ ತೆರಿಗೆ 25.92ರಿಂದ 29.84 ಪರ್ಸೆಂಟ್‌ಗೆ ಏರಿತು. ಗೋವಾದಲ್ಲಿ ಲೀಟರ್‌ಗೆ ಐದಾರು ರೂಪಾಯಿ ಅಗ್ಗ ಇದ್ದದ್ದುಂಟು. ನನ್ನ ಗೆಳೆಯ ಪೆಟ್ರೋಲ್ ಹಾಕಿಸಲಿಕ್ಕೇ ಸ್ಕೂಟರ್ ಹತ್ತಿ ಗಡಿ ದಾಟುತ್ತಿದ್ದ. ಹೋಗಿ ಬರಲು ಮೂವತ್ತು ಕಿಲೋಮೀಟರ್. ನಾನು ಫೋನಿನಲ್ಲೇ ಲೆಕ್ಕ ಹಾಕಿದೆ. ನಾಲ್ಕು ಲೀಟರ್ ಹಾಕಿಸಿದರೆ ಉಳಿಯುವುದು 24 ರೂಪಾಯಿ. ಸ್ಕೂಟರ್ ಲೀಟರ್‌ಗೆ ನಲವತ್ತು ಕೊಟ್ಟರೂ ದಾರಿಗೆ ಹೋಗುವುದು ಮುಕ್ಕಾಲು ಲೀಟರ್, 75 ರೂಪಾಯಿ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಲ್ಲಿ ಮೀನು ಚೆನ್ನಾಗಿರ್ತದೆ ಮಾರಾಯಾ" ಅಂದ. ದಿನಾ ಕೆಲಸಕ್ಕೆ ಗೋವಾಕ್ಕೆ ಹೋಗುವವರು ಅಲ್ಲಿ ಹಾಕಿಸಿದರೆ ಅದು ಜಾಣತನ. ಮೀನಿನ ಲೆಕ್ಕ ನನಗೆ ಗೊತ್ತಿಲ್ಲ.

ಬೆಳಿಗ್ಗೆ ತಣ್ಣಗಿರುವಾಗ ಹಾಕಿಸಿದರೆ ಜಾಸ್ತಿ ಸಿಗುತ್ತೆ ಅನ್ನುವುದೂ ಇಂಥದ್ದೇ. ಪೆಟ್ರೋಲ್ ಹತ್ತು ಡಿಗ್ರಿ ಬಿಸಿಯಾದರೆ ನೂರಕ್ಕೆ ಒಂದರಷ್ಟು ಹಿಗ್ಗುತ್ತದೆ, ನಿಜ. ಆದರೆ ಬಂಕ್‌ನ ಟ್ಯಾಂಕ್ ಇರುವುದು ನೆಲದ ಒಳಗೆ. ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಷ್ಟು ವ್ಯತ್ಯಾಸ ಎಲ್ಲಿಂದ ಬರಬೇಕು? ನೂರರ ಬದಲು ನೂರಾಹತ್ತು ರೂಪಾಯಿಗೆ ಹಾಕಿಸಿದರೆ ಮೋಸವಾಗಲ್ಲ ಅನ್ನುವವರಿಗೂ ಒಂದು ಮಾತು. ಅನುಮಾನ ಬಂದರೆ ಐದು ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಿ ಅಂತ ಕೇಳಿ. ಪ್ರತಿ ಬಂಕ್‌ನಲ್ಲೂ ಅದು ಇರಬೇಕು. ಕೇಳುವುದು ನಿಮ್ಮ ಹಕ್ಕು.

"ಇತ್ತೀಚೆಗೆ ನನ್ನ ಗಾಡಿ ಮೈಲೇಜೇ ಕೊಡ್ತಿಲ್ಲ" ಅನ್ನುವ ಮಾತು ಎಲ್ಲ ಕಡೆ ಕೇಳುತ್ತಿದ್ದೇನೆ. ಅದರಲ್ಲಿ ಒಂದು ಪಾಲು ನಿಜವಿದೆ. ಈಗ ಪೆಟ್ರೋಲ್‌ನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆಸುತ್ತಾರೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲ್‌ಗಿಂತ ಮೂರರಲ್ಲೊಂದು ಪಾಲು ಕಡಿಮೆ. ಇಪ್ಪತ್ತಕ್ಕೆ ತಯಾರಾಗದ ಹಳೆಯ ಕಾರುಗಳಲ್ಲಿ ಮೈಲೇಜ್ 6ರಿಂದ 7 ಪರ್ಸೆಂಟ್, ದ್ವಿಚಕ್ರ ವಾಹನಗಳಲ್ಲಿ 3ರಿಂದ 4 ಪರ್ಸೆಂಟ್ ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರರಿಗೆ ಒಳ್ಳೆಯದಾಗಲಿ, ನನಗೆ ಬೇಸರವಿಲ್ಲ. ಆದರೆ ಲೀಟರ್‌ಗೆ ಹತ್ತು ಕಿಲೋಮೀಟರ್ ಇಳಿದಿದೆ ಅಂದರೆ ಅದು ಎಥೆನಾಲ್‌ದಲ್ಲ. ಬ್ರೇಕ್ ಹಿಡಿದುಕೊಂಡಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಚೈನ್ ಒಣಗಿರಬಹುದು.

ಇದನ್ನು ಕಂಡುಹಿಡಿಯಲು ಲೆಕ್ಕ ಬರೆಯಬೇಕು. ಬೇರೆ ದಾರಿ ಇಲ್ಲ. ಪೆಟ್ರೋಲ್ ಫುಲ್ ಹಾಕಿಸಿ, ಬಂಕ್‌ನ ಪೈಪು ತಾನಾಗಿ ನಿಂತ ಮೇಲೆ ಇನ್ನೊಂದಿಷ್ಟು ತುಂಬಿಸಬೇಡಿ. ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಮತ್ತೆ ಫುಲ್ ಹಾಕಿಸಿ. ಓಡಿದ ಕಿಲೋಮೀಟರನ್ನು ಈಗ ಹಾಕಿಸಿದ ಲೀಟರ್‌ನಿಂದ ಭಾಗಿಸಿ. ಅಷ್ಟೇ. ಡಿಪೋದಲ್ಲಿ ನಮಗೆ ಮಾಡುತ್ತಿದ್ದದ್ದೂ ಇದೇ.

ನಮ್ಮ ಪಕ್ಕದ ಮನೆಯ ಹುಡುಗ ಕಾಲೇಜಿಗೆ ಸ್ಕೂಟರ್‌ನಲ್ಲಿ ಹೋಗುತ್ತಾನೆ. ಅವನಿಗೆ ಎರಡು ತಿಂಗಳ ಹಿಂದೆ ಒಂದು ಪುಟ್ಟ ನೋಟ್‌ಬುಕ್ ಕೊಟ್ಟೆ. ಮೊದಲ ಲೆಕ್ಕ 38. ನೋಡಿದರೆ ಹಿಂದಿನ ಚಕ್ರದಲ್ಲಿ 29 ಇರಬೇಕಾದ ಗಾಳಿ 17 ಇತ್ತು. ಗಾಳಿ ಹಾಕಿಸಿದ, 41 ಬಂತು. "ಅಂಕಲ್, ಇನ್ನೂ ಬರುತ್ತಾ?" ಅಂತ ಓಡಿ ಬಂದ. ಒಂದು ದಿನ ಅವನ ಹಿಂದೆ ಕೂತು ಹೋದೆ. ಹುಡುಗನ ಎಡಗೈ ಬೆರಳುಗಳು ದಾರಿಯುದ್ದಕ್ಕೂ ಬ್ರೇಕ್ ಮೇಲೇ. ಹಿಂದಿನ ದೀಪ ಆರುವುದೇ ಇಲ್ಲ. ಎಕ್ಸಲೇಟರ್ ಕೊಡುತ್ತಾ ಇದ್ದಾನೆ, ಬ್ರೇಕನ್ನೂ ಹಿಡಿದಿದ್ದಾನೆ. ಬೆರಳು ತೆಗೆಯೋ ಮಹಾರಾಯ ಅಂದೆ. ನನ್ನ ಮಡಿಲಲ್ಲಿ ಒಂದು ಪೊಟ್ಟಣ ಮಲ್ಲಿಗೆ ಹೂವಿತ್ತು, ಮನೆಗೆ ತಗೊಂಡು ಹೋಗುತ್ತಿದ್ದದ್ದು. ಇದು ಜಾರದ ಹಾಗೆ ಓಡಿಸು ನೋಡೋಣ ಅಂತ ಹೇಳಿದೆ. ಅವನ ಮುಂದಿನ ಫುಲ್ ಟ್ಯಾಂಕ್ ಈ ಶನಿವಾರ. ನಾನು 44 ಅಂದಿದ್ದೇನೆ, ಅವನು 46 ಅನ್ನುತ್ತಿದ್ದಾನೆ. ಸೋತವರು ಕಾಫಿ ಕೊಡಿಸಬೇಕು.

ನಮಸ್ಕಾರ.