ಮಳೆಯ ನಾಡಿನ ಉದ್ಯಾನದಲ್ಲಿ ಶಿಲ್ಪ ಮತ್ತು ಕುಣಿತ

ಕೇಳುಗರಿಗೆ ನಮಸ್ಕಾರ. ಮಡಿಕೇರಿಯ ರಾಜಾಸೀಟ್‌ನಂಥ ಉದ್ಯಾನ ನಮ್ಮೂರಿಗೂ ಬೇಕು, ಅಲ್ಲಿ ಶಿಲ್ಪಗಳಿರಬೇಕು, ಬಯಲು ಕಾರ್ಯಕ್ರಮಗಳೂ ನಡೆಯಬೇಕು ಎಂದು ಬಯಸುವವರು ಜಿಲ್ಲೆಯಲ್ಲಿ ಬಹಳ ಮಂದಿ. ಒಳ್ಳೆಯ ಆಸೆಯೇ. ಆದರೆ ಕೊಡಗಿನಲ್ಲಿ ಇಂಥ ಕೆಲಸಕ್ಕೆ ಇಳಿಯುವವರು ಮೊದಲು ನೀರಿನ ದಾರಿ ನೋಡಿಕೊಳ್ಳಬೇಕು.

ಉದ್ಯಾನಗಳಲ್ಲಿ ಹೆಚ್ಚಾಗಿ ಇರುವುದು ಸಿಮೆಂಟ್ ಶಿಲ್ಪ. ಒಳಗೆ ಕಬ್ಬಿಣದ ಸರಳು, ಅದರ ಮೇಲೆ ಜಾಲರಿ, ಹೊರಗೆ ಗಾರೆ. ಬೆರಳು, ಕಿವಿ, ಕೊಂಬಿನಂಥ ತೆಳು ಜಾಗದಲ್ಲಿ ಗಾರೆ ಸಾಲದೆ ಮಳೆನೀರು ಸರಳಿಗೆ ತಲುಪುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಗಾರೆಯನ್ನು ಒಳಗಿನಿಂದಲೇ ಸೀಳುತ್ತದೆ. ಬಿರುಕಿನ ಸುತ್ತ ಕಂದು ಕಲೆ ಕಂಡರೆ ಬಣ್ಣ ಬಳಿದು ಮುಚ್ಚಬೇಡಿ. ಸಡಿಲವಾದ ಗಾರೆ ಕೆತ್ತಿ ತೆಗೆದು, ಸರಳಿನ ತುಕ್ಕು ಪೂರ್ತಿ ಉಜ್ಜಿ, ತುಕ್ಕು ತಡೆಯುವ ಬಣ್ಣ ಹಚ್ಚಿದ ಮೇಲೆಯೇ ಹೊಸ ಗಾರೆ. ತೆಳು ಭಾಗಗಳಿಗೆ ಆರಂಭದಲ್ಲೇ ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕುವುದು ಇನ್ನೂ ಒಳ್ಳೆಯದು. ಪೀಠದ ಮೇಲೆ ನೀರು ನಿಲ್ಲದಂತೆ ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಕೊಡಿ. ಪಾಚಿ ತೆಗೆಯಲು ಆಸಿಡ್ ಹಾಕುವ ರೂಢಿಯನ್ನು ದಯವಿಟ್ಟು ಬಿಡಿ, ಅದು ಸಿಮೆಂಟನ್ನೇ ತಿನ್ನುತ್ತದೆ. ಮಳೆಗಾಲ ಕಳೆದ ಮೇಲೆ ನೈಲಾನ್ ಬ್ರಷ್, ಬರೀ ನೀರು ಸಾಕು.

ಫಲಪುಷ್ಪ ಪ್ರದರ್ಶನದ ಹೂವಿನ ಕಲಾಕೃತಿಗಳಿಗೆ ಒಂದೇ ಮಾತು. ಹೂ ಚುಚ್ಚುವ ಸ್ಪಂಜನ್ನು ಬಕೆಟ್ಟಿನೊಳಗೆ ಒತ್ತಬೇಡಿ, ನೀರಿನ ಮೇಲೆ ಬಿಟ್ಟುಬಿಡಿ, ತಾನಾಗಿ ಮುಳುಗಲಿ. ಒತ್ತಿದರೆ ನಡುವೆ ಗಾಳಿ ಉಳಿದು ಆ ಜಾಗ ಒಣಗಿರುತ್ತದೆ, ಅಲ್ಲಿ ಚುಚ್ಚಿದ ಹೂ ಬೇಗ ಬಾಡುತ್ತದೆ.

ಇನ್ನು ಕಾರ್ಯಕ್ರಮ. ಮೂರು ಕಡೆ ಪರದೆ ಕಟ್ಟಿದ ಎತ್ತರದ ವೇದಿಕೆ ಭಾಷಣಕ್ಕೆ ಸರಿ, ಬೊಳಕಾಟ್, ಉಮ್ಮತ್ತಾಟ್‌ನಂಥ ನಮ್ಮ ಕೊಡವ ಕುಣಿತಗಳಿಗೆ ಅಲ್ಲ. ಬೊಳಕಾಟ್‌ನಲ್ಲಿ ಗಂಡಸರು ದೀಪದ ಸುತ್ತ ಸುತ್ತುತ್ತಾರೆ. ಉಮ್ಮತ್ತಾಟ್‌ನಲ್ಲಿ ಕಾವೇರಮ್ಮನ ಸಂಕೇತವಾಗಿ ನೀರಿನ ಬಿಂದಿಗೆ ಹಿಡಿದು ಒಬ್ಬಾಕೆ ನಡುವೆ ನಿಲ್ಲುತ್ತಾಳೆ, ಉಳಿದವರು ತಾಳ ತಟ್ಟುತ್ತಾ ಸುತ್ತ ಕುಣಿಯುತ್ತಾರೆ. ಇವಕ್ಕೆ ನೆಲದ ಮೇಲೆ ಸುಮಾರು 10 ಮೀಟರ್ ಅಗಲದ ವೃತ್ತ ಬೇಕು, ಜನ ಸುತ್ತಲೂ ಕೂರಬೇಕು. ನಮ್ಮ ಇಳಿಜಾರು ನೆಲದಲ್ಲಿ ಮೆಟ್ಟಿಲು ಕಡಿದರೆ ಹಿಂದಿನ ಸಾಲಿಗೂ ಹೆಜ್ಜೆ ಕಾಣುತ್ತದೆ. ದುಡಿ ಎಂಬ ಚಿಕ್ಕ ಚರ್ಮವಾದ್ಯ ಬಾರಿಸಿ ಹಾಡುವವರ ಹತ್ತಿರವೇ ಮೈಕು ಇಡಿ. ಸ್ಪೀಕರ್ ಮೈಕಿನತ್ತ ಮುಖ ಮಾಡಿದ್ದರೆ ಅದು ಕೀರಲು ಕೂಗು ಹಾಕುತ್ತದೆ. ಬಯಲಿನಲ್ಲಿ ರಾತ್ರಿ 10 ಗಂಟೆಗೆ ಧ್ವನಿವರ್ಧಕ ನಿಲ್ಲಿಸಬೇಕೆಂಬುದು ಕಾನೂನು.

ಹುಲ್ಲುಹಾಸಿಗೆ ಜನ ಬಿಡುವ ಮುನ್ನ ಒಂದು ಹಿಡಿ ಮಣ್ಣು ಅದುಮಿ ನೋಡಿ. ಉಂಡೆ ಕಟ್ಟಿ, ಬೆರಳಲ್ಲಿ ತಟ್ಟಿದರೂ ಪುಡಿಯಾಗದಿದ್ದರೆ ಅಂದು ಅಲ್ಲಿ ಕಾರ್ಯಕ್ರಮ ಬೇಡ. ಹಸಿ ಮಣ್ಣನ್ನು ತುಳಿದರೆ ಗಟ್ಟಿಯಾಗಿ ಬೇರಿಗೆ ಗಾಳಿ ಸಿಗುವುದಿಲ್ಲ, ಹುಲ್ಲು ಹಳದಿಯಾಗುತ್ತದೆ. ಕಾರ್ಯಕ್ರಮದ ನಂತರ ಹಲ್ಲುಗುದ್ದಲಿಯಿಂದ 10 ಸೆಂಟಿಮೀಟರ್ ಆಳಕ್ಕೆ ಚುಚ್ಚಿ ಮರಳು ಉದುರಿಸಿ.

ಡಿಸೆಂಬರ್, ಜನವರಿಯಲ್ಲಿ ಮಳೆಯಿಲ್ಲದಿದ್ದರೂ ಸಂಜೆ ಇಬ್ಬನಿಗೆ ಹುಲ್ಲು ತೋಯುತ್ತದೆ. ವೈರಿನ ಜೋಡಣೆಗಳನ್ನು ನೆಲದಿಂದ ಮೇಲೆ ಕಟ್ಟಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಜನ ಸೇರುವ ಮುನ್ನ ಅದರ ಟೆಸ್ಟ್ ಬಟನ್ ಒತ್ತಿ. ಸ್ವಿಚ್ ಬೀಳದಿದ್ದರೆ ಎಷ್ಟೇ ತಡವಾದರೂ ಸರಿ, ಕರೆಂಟ್ ಕೊಡಬೇಡಿ. ನಮಸ್ಕಾರ.